ಪ್ರಯೋಗದಲ್ಲಿ ಯಾರಿದ್ದರು ಎಂದು ಜನರಿಗೆ ಹೇಳಿ

ಮಾನ್ಯ ಭಾರತೀಯ ಔಷಧ ಮಹಾನಿಯಂತ್ರಕರಿಗೆ,

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್‌ನ ಮಾತು ಮೊದಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಅದರ ನಿಖರತೆಯನ್ನು 10 ಮಂದಿಯ ಮೇಲೆ ಪರೀಕ್ಷಿಸಿದರೆ ನಡೆಯುತ್ತಿತ್ತು. ಅವರಲ್ಲಿ ಇಬ್ಬರು ಕಪ್ಪು ಮೈಬಣ್ಣದವರಿದ್ದರೆ ಸಾಕಿತ್ತು. 2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಯಂತ್ರದ ಅಂಕಿಯನ್ನು ರಕ್ತಪರೀಕ್ಷೆಯೊಂದಿಗೆ ತಾಳೆ ನೋಡಿದರು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದ ಆಮ್ಲಜನಕ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿಯರ ಶೇ 3.6ರಷ್ಟು ಪರೀಕ್ಷೆಗಳಲ್ಲಿ, ಕಪ್ಪುವರ್ಣೀಯರಲ್ಲಿ ಶೇ 11.7. ಇಬ್ಬರನ್ನು ಸೇರಿಸಿ ವೈವಿಧ್ಯ ಮುಗಿಯಿತು ಎಂದುಕೊಂಡರೆ ಬೆಲೆ ತೆರುವವರು ಉಸಿರಿಗೆ ಒದ್ದಾಡುವ ರೋಗಿಗಳು.

ನಮ್ಮ ಔಷಧ ಪ್ರಯೋಗಗಳಿಗೂ ಇದೇ ಪ್ರಶ್ನೆ ಕೇಳಬೇಕು. ಅವುಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿಯಲ್ಲಿ ಲಿಂಗ ಎಂಬಲ್ಲಿ ಹೆಚ್ಚಾಗಿ 'ಇಬ್ಬರೂ' ಎಂದಿರುತ್ತದೆ. ಯಾರು ಸೇರಬಹುದು ಎಂದಷ್ಟೇ ಅದು ಹೇಳುತ್ತದೆ. ಕೊನೆಗೆ ಎಷ್ಟು ಹೆಂಗಸರು ಸೇರಿದರು? ಅದೇ ದಾಖಲೆಯಲ್ಲಿ ಕೆಳಗಿಳಿದರೆ, ಎಷ್ಟೋ ಪ್ರಯೋಗಗಳಲ್ಲಿ, ಹಿಮೋಗ್ಲೋಬಿನ್ ಇಂತಿಷ್ಟಕ್ಕಿಂತ ಕಡಿಮೆಯಿದ್ದವರು ಬೇಡ ಎಂಬ ಸಾಲು ಸಿಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲೇ ತಡೆದಂತಾಯಿತು. ಸುರಕ್ಷತೆಗಾಗಿ ಕೆಲವೊಮ್ಮೆ ಆ ಸಾಲು ಬೇಕು, ಒಪ್ಪುತ್ತೇನೆ. ಹಾಗೆ ಹೊರಗುಳಿದವರ ಲೆಕ್ಕವನ್ನಾದರೂ ಕೊಡಬೇಕಲ್ಲವೇ?

ಪ್ರಾತಿನಿಧ್ಯವನ್ನು ಅಳೆಯುವುದು ಕಷ್ಟವೇನಲ್ಲ. ಒಂದು ಕಾಯಿಲೆಯ ರೋಗಿಗಳಲ್ಲಿ ಅರ್ಧ ಮಂದಿ ಹೆಂಗಸರಿದ್ದು, ಪ್ರಯೋಗದಲ್ಲಿ ಕಾಲು ಭಾಗ ಮಾತ್ರ ಇದ್ದರೆ, ಕಾಲನ್ನು ಅರ್ಧದಿಂದ ಭಾಗಿಸಿದ ಅನುಪಾತ 0.5. ಅದು 0.8ರಿಂದ 1.2ರ ನಡುವೆ ಬಂದರೆ ಪ್ರಾತಿನಿಧ್ಯ ಸರಿಯಿದೆ ಎನ್ನುವುದು ಸಂಶೋಧಕರ ರೂಢಿ. ವಯಸ್ಸಿಗೆ, ಹಳ್ಳಿ–ಪಟ್ಟಣಕ್ಕೆ, ಜೊತೆಗೆ ಕಿಡ್ನಿ ತೊಂದರೆ ಇರುವವರಿಗೆ ಇದೇ ಲೆಕ್ಕ ಹಾಕಬಹುದು.

2024ರ ಆಗಸ್ಟ್‌ನಲ್ಲಿ ನಿಮ್ಮ ಕಚೇರಿ ಹೊರಡಿಸಿದ ಆದೇಶದಿಂದ ಈ ಲೆಕ್ಕ ತುರ್ತಿನದಾಗಿದೆ. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಐರೋಪ್ಯ ಒಕ್ಕೂಟಗಳಲ್ಲಿ ಒಪ್ಪಿಗೆ ಪಡೆದ ಐದು ವರ್ಗದ ಔಷಧಗಳಿಗೆ ಇಲ್ಲಿ ಪ್ರಯೋಗ ಮಾಡದೆಯೇ ಅನುಮತಿ ಸಿಗಬಹುದು. ಅಪರೂಪದ ಕಾಯಿಲೆಯ ಮಗುವಿಗೆ ಮದ್ದು ಬೇಗ ಸಿಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಥ ಪ್ರತಿಯೊಂದು ವಿನಾಯಿತಿಯ ಜೊತೆಗೂ ಒಂದು ಪುಟ ಪ್ರಕಟಿಸಿ. ವಿದೇಶದ ಪ್ರಯೋಗದಲ್ಲಿ ಭಾರತೀಯ ಮೂಲದವರು ಎಷ್ಟು, ಹೆಂಗಸರು ಎಷ್ಟು, 65 ದಾಟಿದವರು ಎಷ್ಟು, ಪ್ರತಿ ಗುಂಪಿನ ಅನುಪಾತವೆಷ್ಟು, ಅಡ್ಡಪರಿಣಾಮ ಯಾರಲ್ಲಿ ಹೆಚ್ಚು ಎಂಬುದೆಲ್ಲ ಅದರಲ್ಲಿರಲಿ. ಅನುಪಾತ 0.8ಕ್ಕಿಂತ ಕೆಳಗಿದ್ದರೆ, ಮಾರಾಟ ಶುರುವಾದ ಮೇಲೆ ಆ ಗುಂಪಿನವರಲ್ಲೇ ಅಧ್ಯಯನ ನಡೆಸಲು ಕಂಪನಿಗೆ ಗಡುವು ಹಾಕಿ.

ಇಂತಿ,
ಒಬ್ಬ ನಾಗರಿಕ