ಬಯಸದೆ ಬಸುರಾದಾಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್‌ನಲ್ಲಿ ಬೇಯಿಸುವ ತಿಂಗಳುಗಳಲ್ಲಿ ಹೆಂಗಸರಿಗೆ ಕೂರಲೂ ಪುರುಸೊತ್ತಿರುವುದಿಲ್ಲ. ಆ ನಡುವೆ ಎಣಿಸದೆ ಮುಟ್ಟು ನಿಂತರೆ ಎದೆಗೆ ಮೊದಲು ಬಡಿಯುವುದು ದಿಗಿಲು. ‘ದೇವರು ಕೊಟ್ಟದ್ದು, ಸುಮ್ಮನಿರು’ ಎಂದು ಮನೆಯವರು ಹೇಳುವಾಗ ಅವಳ ತಲೆಯಲ್ಲಿ ತೀರದ ಸಾಲ, ಇನ್ನೂ ಎದೆಹಾಲು ಬಿಡದ ಕೂಸು ಸುತ್ತುತ್ತಿರುತ್ತವೆ. ಸಿಟ್ಟು ಬಂದರೆ, ಅಳು ಬಂದರೆ ಅವಳು ಕೆಟ್ಟ ತಾಯಿಯಾಗುವುದಿಲ್ಲ. ಅವಸರದ ತೀರ್ಮಾನ ಬೇಡ. ನಂಬಿಕೆಯ ಒಬ್ಬರೊಡನೆ, ಅಕ್ಕನೋ ಆಶಾ ಕಾರ್ಯಕರ್ತೆಯೋ, ಬಾಯಿಬಿಟ್ಟು ಹೇಳಿಕೊಳ್ಳಲಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಆಪ್ತಸಲಹೆಗಾರರು ಹಗಲಿರುಳೂ ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. ಹೆರುವ ಮನಸ್ಸಾದರೆ ಬಸುರಿಯ ಆರೈಕೆ ದಾಖಲಿಸುವ ತಾಯಿ ಕಾರ್ಡ್ ಬೇಗ ಮಾಡಿಸಲಿ, ಹಸಿ ಹೊಗೆಸೊಪ್ಪು ಮುಟ್ಟದಿರಲಿ: ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೇರುತ್ತದೆ. ಬೇಡವೆನಿಸಿದರೆ ಔಷಧಿ ಅಂಗಡಿಯ ಮಾತ್ರೆಯನ್ನು ತಾನೇ ನುಂಗದೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಲಿ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, ಕಾಯ್ದೆ ಒಪ್ಪುವ ಕಾರಣಗಳಿಗೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟದ್ದೂ ಅಂಥ ಕಾರಣವೇ. ವಯಸ್ಕಳಿಗೆ ಗಂಡನ ಸಹಿಯೂ ಬೇಕಿಲ್ಲ, ಗುಟ್ಟು ಕಾಯುವುದು ವೈದ್ಯರ ಹೊಣೆ. ಗಂಡಂದಿರೇ, ಅತ್ತೆಯರೇ, ಬುದ್ಧಿ ಹೇಳುವ ಮೊದಲು ಅವಳ ಮಾತನ್ನು ಕೊನೆಯವರೆಗೂ ಕೇಳಿ.