ಶಾಲೆ ಮುಚ್ಚಿದರೂ ಓದು ನಿಲ್ಲಬಾರದು



ಬೆಳೆಗೆ ರೋಗ ತಗುಲಿದರೆ ನೀವು ತಡಮಾಡದೆ ರೈತ ಸಂಪರ್ಕ ಕೇಂದ್ರಕ್ಕೆ ಬರುತ್ತೀರಿ. ಊರಿಗೇ ರೋಗ ಬಂದು ಶಾಲೆಯ ಬಾಗಿಲು ಮುಚ್ಚಿದಾಗ ಮಕ್ಕಳ ಓದಿನ ವಿಷಯದಲ್ಲಿಯೂ ಅದೇ ಎಚ್ಚರ ಬೇಕು.

ಕೋವಿಡ್ ಕಾರಣದಿಂದ ನಮ್ಮ ರಾಜ್ಯದ ಶಾಲೆಗಳು 2020ರ ಮಾರ್ಚ್‌ನಲ್ಲಿ ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಪ್ರೌಢಶಾಲೆಯವರಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಹಳ್ಳಿಗಳಿಗೇ ಬಂದು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ 2020ರ ಅಕ್ಟೋಬರ್‌ನಲ್ಲಿ ಅದನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಆಗ ಮಕ್ಕಳಿಗೆ ಉಳಿದ ಆಸರೆ ತಂದೆತಾಯಿಗಳದ್ದೇ.

ಇದು ಮುಗಿದ ಕಥೆಯೆಂದು ತಿಳಿಯಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ನೆರೆಯ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಿಫಾ ಜ್ವರ ಕಾಣಿಸಿಕೊಂಡಾಗ ಶಾಲೆಗಳು ಮುಚ್ಚಿ, ಪಾಠಗಳು ಮತ್ತೆ ಮೊಬೈಲಿಗೆ ಬಂದವು.

‘ನಮಗೇ ಅಕ್ಷರ ಬಾರದು, ಮಕ್ಕಳಿಗೇನು ಹೇಳಿಕೊಡುವುದು?’ ಎಂದು ಹಲವರು ಕೇಳುತ್ತಾರೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದರೆ, ತಂದೆ ಸುರಿವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಪಾಠ ಹೇಳುವುದು ಶಿಕ್ಷಕರ ಕೆಲಸ. ಓದಲು ಹೊತ್ತು, ಜಾಗ, ಧೈರ್ಯ ಒದಗಿಸುವುದು ನಮ್ಮ ಕೆಲಸ.

ಅಂಥ ಸಮಯದಲ್ಲಿ ಮಾಡಬೇಕಾದದ್ದು ಇಷ್ಟು:

1. ದಿನವೂ ಒಂದು ಹೊತ್ತು ಗೊತ್ತುಮಾಡಿ. ಆ ಹೊತ್ತಿನಲ್ಲಿ ಮಗುವನ್ನು ದನ ಮೇಯಿಸಲು, ಕಳೆ ತೆಗೆಯಲು ಕಳುಹಿಸಬೇಡಿ. ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಅದು ಆಗ ಮಗುವಿನ ಕೈಯಲ್ಲಿರಲಿ. ಮಗಳಿಗೂ ಮಗನಷ್ಟೇ ಪಾಲು ಸಿಗಲಿ.

2. ರಾತ್ರಿ ಊಟಕ್ಕೆ ಮುನ್ನ ಒಂದು ಪುಟ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತದೆಂಬುದು ಅಕ್ಷರ ಬಾರದ ಕಿವಿಗೂ ತಿಳಿಯುತ್ತದೆ. ಅದನ್ನು ಶಿಕ್ಷಕರಿಗೆ ಫೋನಿನಲ್ಲಿ ತಿಳಿಸಿ.

3. ಹೊಲದ ಲೆಕ್ಕ ಮಾಡಿಸಿ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕಿಲೊ ರಾಗಿ ಬೀಜವಾದರೆ ಎರಡೂವರೆ ಎಕರೆಗೆ ಎಷ್ಟು? ದೊಡ್ಡ ಮಕ್ಕಳಾದರೆ, ಶೇಕಡಾ 46 ಸಾರಜನಕವಿರುವ 45 ಕಿಲೊ ಯೂರಿಯಾ ಚೀಲದಲ್ಲಿ ಸಾರಜನಕವೆಷ್ಟು? ಮೊದಲನೆಯದಕ್ಕೆ ಉತ್ತರ 12 ಕಿಲೊ 500 ಗ್ರಾಂ, ಎರಡನೆಯದಕ್ಕೆ 20 ಕಿಲೊ 700 ಗ್ರಾಂ.

4. ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳ ಸದಸ್ಯತ್ವಕ್ಕೆ ಹಣ ಕೇಳಲಿಲ್ಲ.

ಕೊನೆಯದಾಗಿ ಒಂದು ಮಾತು. ಶಾಲೆಯಿಲ್ಲವೆಂದು ಮಗನನ್ನು ಕೂಲಿಗೆ ಹಚ್ಚುವುದು, ಖರ್ಚು ಕಡಿಮೆಯೆಂದು ಹದಿನೆಂಟು ತುಂಬದ ಮಗಳ ಮದುವೆ ಮುಗಿಸುವುದು ಬೇಡವೇ ಬೇಡ. ಇವು ಕಾನೂನಿಗೆ ವಿರುದ್ಧ. ಮೇಲಾಗಿ ಹೀಗೆ ಹೋದ ಮಗು ಶಾಲೆಗೆ ಮರಳುವುದು ಬಹಳ ಕಷ್ಟ. ಒಂದು ಮುಂಗಾರು ಕೈಕೊಟ್ಟರೆ ಮುಂದಿನ ವರ್ಷ ಬಿತ್ತಬಹುದು. ಮಗುವಿನ ಕಲಿಯುವ ವಯಸ್ಸು ಹಾಗೆ ಮರಳಿ ಬರುವುದಿಲ್ಲ. ಈ ಮಾತನ್ನು ಇಂದೇ ಮನೆಯಲ್ಲಿ ಎಲ್ಲರೊಂದಿಗೆ ಕುಳಿತು ಮಾತನಾಡಿರಿ.