ಪ್ರಶಿಕ್ಷಣಾರ್ಥಿಗೆ ಶಾಲೆ ಕೊಡಿಸುವವರು ಯಾರು?

ಪ್ರಾಂಶುಪಾಲರ ಸಹಿ, ಸೀಲು ಇರುವ ಕಾಲೇಜಿನ ಪತ್ರ ಒಂದು; ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಅನುಮತಿ ಪತ್ರ ಇನ್ನೊಂದು. ಎರಡನ್ನೂ ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಬಿ.ಇಡಿ. ಎರಡನೇ ವರ್ಷದ ವಿದ್ಯಾರ್ಥಿನಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕರ ಕೊಠಡಿಯ ಮುಂದೆ ನಿಲ್ಲುತ್ತಾಳೆ. ಒಳಗಿನಿಂದ ಬರಬಹುದಾದ ಉತ್ತರಗಳು ಹಲವು. ‘ಈಗಾಗಲೇ ಬೇರೆ ಕಾಲೇಜಿನವರು ಬಂದಿದ್ದಾರಮ್ಮ’, ‘ಕನ್ನಡಕ್ಕಾದರೆ ಬನ್ನಿ, ಗಣಿತಕ್ಕೆ ಬೇಡ’, ‘ಹತ್ತನೇ ತರಗತಿ ಮಾತ್ರ ಕೇಳಬೇಡಿ’. ಈ ಯಾವ ಉತ್ತರವೂ ಸಿಡುಕಿನಿಂದ ಬಂದದ್ದಲ್ಲ; ಹಾಗೆ ಹೇಳಲು ಮುಖ್ಯ ಶಿಕ್ಷಕರಿಗೆ ಅವರದೇ ಕಾರಣಗಳಿವೆ. ಆದರೆ ಶಿಕ್ಷಕಿಯಾಗಲು ಹೊರಟವಳ ಕಲಿಕೆಯ ಅತಿ ಮುಖ್ಯ ಘಟ್ಟ, ಯಾವ ಶಾಲೆ ಅವಳಿಗೆ ಬಾಗಿಲು ತೆರೆಯುತ್ತದೆ ಎಂಬ ಅದೃಷ್ಟದ ಮೇಲೆ ನಿಂತಿದೆ.

ನಿಯಮಗಳ ಪ್ರಕಾರ ಇದು ಅದೃಷ್ಟದ ಮಾತಾಗಬೇಕಿರಲಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಹೊರಡಿಸಿದ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿತು. ಅದರಲ್ಲಿ ಕನಿಷ್ಠ 20 ವಾರ ಶಾಲಾ ಇಂಟರ್ನ್‌ಶಿಪ್: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಉಳಿದ ಪತ್ರಿಕೆಗಳಿಗೆ ಶೇ 80ರಷ್ಟು ಹಾಜರಾತಿ ಸಾಕು. ಇಂಟರ್ನ್‌ಶಿಪ್‌ಗೆ ಮಾತ್ರ ಶೇ 90 ಬೇಕು. ಆರಂಭದ ಒಂದು ವಾರ ಪಾಠ ಮಾಡದೆ, ಕಾಯಂ ಶಿಕ್ಷಕರ ತರಗತಿಯನ್ನು ಕುಳಿತು ನೋಡಬೇಕು. ಸರ್ಕಾರಿ ಮತ್ತು ಖಾಸಗಿ, ಎರಡೂ ಬಗೆಯ ಶಾಲೆಗಳಲ್ಲಿ ಕಲಿಸುವ ಅವಕಾಶ ಇರಬೇಕು. ಇದಕ್ಕಿಂತ ಸ್ಪಷ್ಟವಾಗಿ ಬರೆಯುವುದು ಕಷ್ಟ.

ಈ ಬದಲಾವಣೆಯ ಬೆನ್ನಿಗೆ ಸುಪ್ರೀಂ ಕೋರ್ಟ್ ಇತ್ತು. 2011ರಲ್ಲಿ ಅದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅಧ್ಯಕ್ಷತೆಯಲ್ಲಿ ಶಿಕ್ಷಕ ಶಿಕ್ಷಣದ ಆಯೋಗ ರಚಿಸಿತು; ಮರುವರ್ಷ ವರದಿ ಬಂತು. ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ಖಾಸಗಿಯವರ ಕೈಯಲ್ಲಿವೆ ಎಂದ ಆ ವರದಿ, ಕೋರ್ಸಿನ ಅವಧಿ ಹೆಚ್ಚಬೇಕು, ಪ್ರತಿ ಶಿಕ್ಷಣ ಕಾಲೇಜಿಗೂ ಪ್ರಯೋಗಾಲಯದಂತೆ ಬಳಸಲು ಒಂದು ಶಾಲೆ ಅಂಟಿಕೊಂಡೇ ಇರಬೇಕು ಎಂದಿತು. ಶಿಕ್ಷಕರ ತರಬೇತಿಯು ಶಾಲೆಗಳಿಂದ ದೂರವಾಗಿ ಒಂಟಿಯಾಗಿದೆ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅವಧಿ ಹೆಚ್ಚಿತು. ಶಾಲೆ ಮಾತ್ರ ಬಹುತೇಕ ಕಾಲೇಜುಗಳಿಗೆ ಅಂಟಿಕೊಳ್ಳಲಿಲ್ಲ.

ಹಿಂದಿನ ಒಂದು ವರ್ಷದ ಬಿ.ಇಡಿ.ಯಲ್ಲಿ ಎರಡು ಬೋಧನಾ ವಿಷಯಗಳಿಂದ ಒಟ್ಟು ನಲವತ್ತರ ಆಸುಪಾಸು ಪಾಠ ಮುಗಿಸಿದರೆ ಆಯಿತು. ಅಣುಬೋಧನೆಯಲ್ಲಿ ಸಹಪಾಠಿಗಳನ್ನೇ ಮಕ್ಕಳಂತೆ ಕೂರಿಸಿ ಆರು ನಿಮಿಷದ ಪಾಠ, ಆಮೇಲೆ ಶಾಲೆಗೆ ಹೋಗಿ ಲೆಕ್ಕದ ಪಾಠಗಳು. ಚಾರ್ಟು, ರೋಲಪ್ ಬೋರ್ಡು, ಫ್ಲ್ಯಾಶ್ ಕಾರ್ಡುಗಳ ಸಡಗರದಲ್ಲಿ ಪಾಠವೊಂದು ಪ್ರದರ್ಶನವಾಗಿಬಿಡುತ್ತಿತ್ತು. ಹದಿನಾರು ವಾರ ಒಂದೇ ಶಾಲೆಯಲ್ಲಿ ಇರುವುದು ಬೇರೆಯೇ ಸಂಗತಿ.

ಏಕೆ ಎಂಬುದಕ್ಕೆ ಒಂದು ಗಣಿತದ ಪಿರಿಯಡ್ ಸಾಕು. ಅರ್ಧಕ್ಕೆ ಮೂರನೇ ಒಂದು ಕೂಡಿಸಲು ಹೇಳಿದರೆ ಎಂಟನೇ ತರಗತಿಯಲ್ಲೂ ಐದನೇ ಎರಡು ಎಂದು ಬರೆಯುವ ಮಕ್ಕಳಿದ್ದಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದು. ಹೊಸಬಳಾದ ಪ್ರಶಿಕ್ಷಣಾರ್ಥಿ ‘ತಪ್ಪು, ಲ.ಸಾ.ಅ. ತೆಗೆಯಬೇಕು’ ಎಂದು ಬೋರ್ಡಿನ ಮೇಲೆ ಸರಿ ಉತ್ತರ ಬರೆದು ಮುಂದೆ ಹೋಗುತ್ತಾಳೆ, ಏಕೆಂದರೆ ಪಾಠ ಯೋಜನೆಯಲ್ಲಿ ಇನ್ನೂ ಎರಡು ಹಂತ ಬಾಕಿ ಇವೆ, ನಲವತ್ತು ನಿಮಿಷ ಮುಗಿಯುತ್ತಿದೆ. ಹಿಂದಿನ ಬೆಂಚಿನಲ್ಲಿ ಕುಳಿತ ಅನುಭವಿ ಶಿಕ್ಷಕರಿಗೆ ಅಲ್ಲೇ ಬೇರೆ ಪ್ರಶ್ನೆ ಹೊಳೆಯುತ್ತದೆ: ‘ಐದನೇ ಎರಡು ಅಂದರೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ ಎಂಬುದು ಹುಡುಗನಿಗೆ ತಾನಾಗಿಯೇ ಕಾಣಬೇಕು. ಈ ಪ್ರಶ್ನೆ ಯಾವ ಬೋಧನಾಶಾಸ್ತ್ರದ ಪತ್ರಿಕೆಯಿಂದಲೂ ಸುಲಭವಾಗಿ ಬರುವುದಿಲ್ಲ. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕುಳಿತು ಮಾತಾಡಿದಾಗ ಬರುತ್ತದೆ. ಮರುದಿನ ಅದೇ ತರಗತಿಗೆ ಹೋಗಿ ಅದನ್ನು ಕೇಳಿ ನೋಡಲು ಅವಕಾಶ ಇದ್ದಾಗ ಕೈಗೆ ಹತ್ತುತ್ತದೆ.

ಆ ಹತ್ತು ನಿಮಿಷ ಯಾರ ಕೆಲಸ? ಇಡೀ ವ್ಯವಸ್ಥೆ ಸೋಲುವುದು ಇಲ್ಲಿ. ಶಾಲೆಯ ವಿಷಯ ಶಿಕ್ಷಕರು ಪ್ರಶಿಕ್ಷಣಾರ್ಥಿಯನ್ನು ದಿನವೂ ನೋಡುತ್ತಾರೆ. ಆದರೆ ಮಾರ್ಗದರ್ಶಿಯಾದುದಕ್ಕೆ ಅವರ ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ಡೂ ಕಡಿಮೆಯಾಗುವುದಿಲ್ಲ, ಗೌರವಧನ ಇಲ್ಲ, ಮಾರ್ಗದರ್ಶನ ಮಾಡುವುದು ಹೇಗೆಂದು ಅವರಿಗೆ ಯಾರೂ ತರಬೇತಿ ಕೊಟ್ಟಿರುವುದೂ ಅಪರೂಪ. ಅಂಕ ಕೊಡುವ ಅಧಿಕಾರವಿರುವುದು ಕಾಲೇಜಿನ ಮೇಲ್ವಿಚಾರಕರಿಗೆ. ಅವರು ಬಂದು ನೋಡುವುದು ಬೆರಳೆಣಿಕೆಯ ಪಾಠಗಳನ್ನು. ಹತ್ತಾರು ಶಾಲೆಗಳಿಗೆ ಹಂಚಿಹೋದ ವಿದ್ಯಾರ್ಥಿಗಳನ್ನು ಇಬ್ಬರು ಮೂವರು ಉಪನ್ಯಾಸಕರು ಸುತ್ತಬೇಕಾದಾಗ ಅದಕ್ಕಿಂತ ಹೆಚ್ಚು ಸಾಧ್ಯವೂ ಇಲ್ಲ. ಹೀಗಾಗಿ ದಿನವೂ ನೋಡುವವರಿಗೆ ಹೇಳುವ ಹಕ್ಕಿಲ್ಲ, ಹೇಳುವ ಹಕ್ಕಿರುವವರು ದಿನವೂ ನೋಡುವುದಿಲ್ಲ. ನಡುವೆ ಉಳಿಯುವುದು ಪಾಠ ಯೋಜನೆಯ ದಪ್ಪ ಪುಸ್ತಕ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಗೆರೆ ಎಳೆದು ರಾತ್ರಿಯೆಲ್ಲ ಬರೆದ ಪುಟಗಳು, ಪ್ರತಿ ಪುಟದ ಕೊನೆಯಲ್ಲಿ ಒಂದು ಸಹಿ.

ಪಾಠವಲ್ಲದ ಕೆಲಸಕ್ಕೇನೂ ಕೊರತೆಯಿಲ್ಲ. ರಜೆಯ ಮೇಲಿರುವ ಶಿಕ್ಷಕರ ತರಗತಿ ಹಿಡಿಯುವುದು, ರೂಪಣಾತ್ಮಕ ಮೌಲ್ಯಮಾಪನದ ಉತ್ತರ ಪತ್ರಿಕೆ ತಿದ್ದುವುದು, ಎಸ್‌ಎಟಿಎಸ್ ತಂತ್ರಾಂಶದಲ್ಲಿ ಅಂಕ ತುಂಬುವುದು, ಬಿಸಿಯೂಟದ ಸಾಲು ನೋಡಿಕೊಳ್ಳುವುದು, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವುದು. ಇವೆಲ್ಲ ಶಿಕ್ಷಕ ವೃತ್ತಿಯ ಭಾಗವೇ, ಕಲಿತಷ್ಟೂ ಒಳ್ಳೆಯದು. ಊಟದ ಹೊತ್ತಿನಲ್ಲಿ ಒಂದು ಮಗು ಯಾರ ಪಕ್ಕ ಕೂರುತ್ತದೆ, ಯಾರ ಪಕ್ಕ ಕೂರುವುದಿಲ್ಲ ಎಂದು ಗಮನಿಸಿದವಳು ಉತ್ತಮ ಶಿಕ್ಷಕಿಯಾಗುವ ದಾರಿಯಲ್ಲಿದ್ದಾಳೆ. ಆದರೆ ಖಾಲಿ ಹುದ್ದೆಯ ಜಾಗ ತುಂಬಲು ಪ್ರಶಿಕ್ಷಣಾರ್ಥಿಯನ್ನು ಬಳಸಿಕೊಂಡರೆ ನೋಡುವವರೂ ಇಲ್ಲ, ತಿದ್ದುವವರೂ ಇಲ್ಲ. ಅಲ್ಲಿ ವಿಷಯ ಶಿಕ್ಷಕರೇ ಇರುವುದಿಲ್ಲವಲ್ಲ!

ಮುಖ್ಯ ಶಿಕ್ಷಕರ ಹಿಂಜರಿಕೆಗೂ ಕಾರಣವಿದೆ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಬಹುತೇಕ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು. ಅಲ್ಲಿಗೆ ಹತ್ತು ಜನ ಪ್ರಶಿಕ್ಷಣಾರ್ಥಿಗಳು ಒಟ್ಟಿಗೆ ಬಂದರೆ, ಅವರಲ್ಲಿ ಮೂವರದ್ದು ಗಣಿತವಾದರೆ, ಒಂಬತ್ತನೇ ತರಗತಿಯ ಮಕ್ಕಳಿಗೆ ನಾಲ್ಕು ತಿಂಗಳಲ್ಲಿ ಮೂರು ಕೈ ಬದಲಾಗುತ್ತದೆ. 1,000 ಮಕ್ಕಳವರೆಗಿನ ಶಾಲೆಗೆ ಹತ್ತು, 2,000 ಮಕ್ಕಳವರೆಗಿನ ಶಾಲೆಗೆ ಇಪ್ಪತ್ತು ಪ್ರಶಿಕ್ಷಣಾರ್ಥಿಗಳನ್ನು ಮೀರುವಂತಿಲ್ಲ ಎಂದು ಎನ್‌ಸಿಟಿಇ ಮಿತಿ ಹಾಕಿದೆ. ಇನ್ನೂರು ಮುನ್ನೂರು ಮಕ್ಕಳಿರುವ ನಮ್ಮ ಹಳ್ಳಿಯ ಪ್ರೌಢಶಾಲೆಗೆ ಈ ಮಿತಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಕ್ಕಳ ಸಂಖ್ಯೆಗಿಂತ, ಒಬ್ಬ ವಿಷಯ ಶಿಕ್ಷಕರಿಗೆ ಒಬ್ಬರೇ ಪ್ರಶಿಕ್ಷಣಾರ್ಥಿ ಎಂಬ ಲೆಕ್ಕ ಹೆಚ್ಚು ಸರಿಯಾದದ್ದು.

ಕ್ಯಾಲೆಂಡರಿನ ತೊಡಕು ಇನ್ನೊಂದು. ಕರ್ನಾಟಕದ ಶಾಲೆಗಳು ಮೇ ಕೊನೆ, ಜೂನ್ ಆರಂಭದ ಹೊತ್ತಿಗೆ ತೆರೆಯುತ್ತವೆ. ಬಿ.ಇಡಿ. ದಾಖಲಾತಿ, ಕೌನ್ಸೆಲಿಂಗ್, ಸೆಮಿಸ್ಟರ್ ಪರೀಕ್ಷೆಗಳು ತಡವಾದಂತೆ ಇಂಟರ್ನ್‌ಶಿಪ್ ಶಾಲಾ ವರ್ಷದ ಕೊನೆಗೆ ಜಾರುತ್ತದೆ. ಡಿಸೆಂಬರ್ ನಂತರ ಯಾವ ಮುಖ್ಯ ಶಿಕ್ಷಕರೂ ಹತ್ತನೇ ತರಗತಿಯನ್ನು ಹೊಸಬರ ಕೈಗೆ ಕೊಡುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರೇ ಆದ್ದರಿಂದ ಅದು ತಪ್ಪೂ ಅಲ್ಲ. ಶಾಲೆ ತೆರೆದ ಮೊದಲ ವಾರದಲ್ಲಿ ಒಂದು ತರಗತಿ ಹೇಗೆ ರೂಪುಗೊಳ್ಳುತ್ತದೆ, ಹೆಸರು ಗೊತ್ತಿಲ್ಲದ ಐವತ್ತು ಮಕ್ಕಳ ಜತೆ ಶಿಕ್ಷಕರು ಹೇಗೆ ನಂಟು ಬೆಳೆಸುತ್ತಾರೆ ಎಂಬುದನ್ನು ಬಹುಪಾಲು ಪ್ರಶಿಕ್ಷಣಾರ್ಥಿಗಳು ನೋಡುವುದೇ ಇಲ್ಲ. ಅದನ್ನು ಅವರು ಮೊದಲು ನೋಡುವುದು ಕೆಲಸಕ್ಕೆ ಸೇರಿದ ಮೇಲೆ, ಒಬ್ಬರೇ.

ಇನ್ನು ದುಡ್ಡಿನ ಮಾತು. ಎಂಬಿಬಿಎಸ್ ಮುಗಿಸಿದವರ ಇಂಟರ್ನ್‌ಶಿಪ್‌ಗೆ ಶಿಷ್ಯವೇತನ ಇದೆ. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗುವ ಐಟಿಐ ಫಿಟ್ಟರ್‌ಗೂ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಸಿಗುತ್ತದೆ. ಹದಿನಾರು ವಾರ ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಶಾಲೆಯಲ್ಲಿರುವ ಪ್ರಶಿಕ್ಷಣಾರ್ಥಿಗೆ ಅಂಥದ್ದೇನೂ ಇಲ್ಲ. ಚಾರ್ಟು, ಮಾದರಿ, ಜೆರಾಕ್ಸ್, ಬಸ್ಸು, ಪಿ.ಜಿ. ಬಾಡಿಗೆ ಎಲ್ಲವೂ ಮನೆಯವರ ಜೇಬಿನಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ತಪ್ಪಿದೆ. ಬಿ.ಇಡಿ. ತರಗತಿಗಳಲ್ಲಿ ಅವರೇ ಹೆಚ್ಚಿರುವುದರಿಂದ ಇದು ಸಣ್ಣ ಸಹಾಯವಲ್ಲ. ಆದರೂ ಬೆಳಗ್ಗೆ ಟ್ಯೂಷನ್, ಸಂಜೆ ಅಂಗಡಿ ಲೆಕ್ಕ ಬರೆಯುವ ಕೆಲಸ ಮಾಡಿಕೊಂಡು ಓದುವವರಿಗೆ ಈ ನಾಲ್ಕು ತಿಂಗಳು ನಿಜಕ್ಕೂ ಕಷ್ಟದ್ದು. ಆಸ್ಟ್ರೇಲಿಯಾದಲ್ಲಿ ಇದೇ ಕಷ್ಟ ರಾಜಕೀಯ ಪ್ರಶ್ನೆಯಾಯಿತು. ಅಲ್ಲಿನ ಸರ್ಕಾರ 2025ರ ಜುಲೈ 1ರಿಂದ ಶಿಕ್ಷಕ, ನರ್ಸಿಂಗ್, ಸೂಲಗಿತ್ತಿ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳಲ್ಲಿ ಅಗತ್ಯವಿರುವವರಿಗೆ ಕಡ್ಡಾಯ ತರಬೇತಿಯ ವಾರಗಳಲ್ಲಿ ವಾರಕ್ಕೆ 300 ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ನೆರವು ಕೊಡುತ್ತಿದೆ.

ಶಾಲೆ ಹಂಚುವ ಕೆಲಸವನ್ನೂ ವಿದ್ಯಾರ್ಥಿಯ ಓಡಾಟಕ್ಕೆ ಬಿಡಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಶಿಕ್ಷಕರ ವೃತ್ತಿ ಮಂಡಳಿಯೇ ಒಂದು ತಂತ್ರಾಂಶದ ಮೂಲಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನೂ ಶಾಲೆಗಳನ್ನೂ ಹೊಂದಿಸುತ್ತದೆ. ನಮ್ಮಲ್ಲೂ ಬಿ.ಇಡಿ. ಸರ್ಕಾರಿ ಕೋಟಾದ ಸೀಟುಗಳನ್ನು ಕೇಂದ್ರೀಕೃತ ದಾಖಲಾತಿ ಘಟಕ ಆನ್‌ಲೈನ್‌ನಲ್ಲೇ ಹಂಚುತ್ತದೆ. ಪ್ರತಿ ಶಾಲೆಯಲ್ಲಿ ಯಾವ ವಿಷಯಕ್ಕೆ ಯಾವ ಶಿಕ್ಷಕರಿದ್ದಾರೆ ಎಂಬ ಮಾಹಿತಿ ಇಲಾಖೆಯ ಬಳಿಯೇ ಇದೆ. ರಾಜ್ಯದ ಶಿಕ್ಷಣ ಆಡಳಿತವು ಕಾಲೇಜುಗಳಿಗೆ ಶಾಲೆಗಳನ್ನು ಹಂಚಿಕೊಡಬಹುದು ಎಂದು 2014ರ ನಿಯಮಾವಳಿಯೂ ಹೇಳುತ್ತದೆ. ಸೀಟು ಹಂಚಲು ಬಳಸುವ ಕ್ರಮವನ್ನೇ ಶಾಲೆ ಹಂಚಲು ಬಳಸಲು ಯಾವ ಹೊಸ ಕಾನೂನೂ ಬೇಡ.

ಮಾದರಿಗೆ ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾದಾಗಿನಿಂದ ಪದವಿಯನ್ನೂ ಬಿ.ಇಡಿ.ಯನ್ನೂ ಹೆಣೆದ ನಾಲ್ಕು ವರ್ಷಗಳ ಕೋರ್ಸು ಅಲ್ಲಿನ ಹೆಗ್ಗುರುತು. ಅದರ ಆವರಣದಲ್ಲೇ ಪ್ರಾತ್ಯಕ್ಷಿಕೆಗಾಗಿ ಕಟ್ಟಿದ ಶಾಲೆ ಇದೆ. ಬೋಧನಾಶಾಸ್ತ್ರ ಹೇಳುವ ಪ್ರಾಧ್ಯಾಪಕರೂ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರೂ ಒಂದೇ ಅಂಗಳದಲ್ಲಿ ಓಡಾಡುತ್ತಾರೆ. ಎಲ್ಲ ಕಾಲೇಜುಗಳಿಗೂ ಇಂಥ ಅಂಗಳ ಕೊಡುವುದು ಆಗದ ಮಾತು. ಆದರೆ ಪ್ರತಿ ಕಾಲೇಜಿಗೆ ಐದಾರು ಶಾಲೆಗಳನ್ನು ಹಲವು ವರ್ಷಗಳಿಗೆ ಕಾಯಂ ಆಗಿ ಜೋಡಿಸಿದರೆ ಉಪನ್ಯಾಸಕರಿಗೆ ಶಾಲೆಯ, ಶಾಲೆಗೆ ಉಪನ್ಯಾಸಕರ ಗುರುತು ಬೆಳೆಯುತ್ತದೆ.

ಇದೆಲ್ಲ ಇಷ್ಟು ಮುಖ್ಯವೇ ಎಂದು ಕೇಳುವವರು ಶಿಕ್ಷಕರ ನೇಮಕಾತಿಯನ್ನೊಮ್ಮೆ ನೋಡಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, 150 ಬಹು ಆಯ್ಕೆಯ ಪ್ರಶ್ನೆಗಳದ್ದು. ನಂತರದ ನೇಮಕಾತಿಯಲ್ಲೂ ಲಿಖಿತ ಪರೀಕ್ಷೆಯ ಅಂಕವೇ ದೊಡ್ಡದು. ಅಭ್ಯರ್ಥಿ ಮಕ್ಕಳ ಮುಂದೆ ನಿಂತು ಪಾಠ ಮಾಡುವುದನ್ನು ಗಂಭೀರವಾಗಿ ಗಮನಿಸುವ ಕೊನೆಯ ಅವಕಾಶ ಇಂಟರ್ನ್‌ಶಿಪ್. ಆ ಅವಕಾಶವನ್ನೂ ಹಾಜರಾತಿಯ ಸಹಿಗೆ ಇಳಿಸಿ, ಶಾಲೆಯ ಮೆಟ್ಟಿಲು ಹತ್ತದವರಿಗೂ ಪ್ರಮಾಣಪತ್ರ ಕೊಡುವ ಕಾಲೇಜುಗಳಿವೆ ಎಂಬುದು ಈ ಕ್ಷೇತ್ರದಲ್ಲಿ ಗುಟ್ಟೇನಲ್ಲ. ಅಲ್ಲಿ ನಷ್ಟ ಅನುಭವಿಸುವವರು ಮುಂದೆ ಆ ಶಿಕ್ಷಕರ ಕೈಗೆ ಸಿಗುವ ಮಕ್ಕಳು.

ಈಗ ಬಿ.ಇಡಿ. ಮತ್ತೆ ಬದಲಾಗುವ ಹೊತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ.ಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು ಎಂದಿದೆ. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಇಡಿ.ಯನ್ನು ಮರಳಿ ತರುವ ಪ್ರಸ್ತಾವ ಎನ್‌ಸಿಟಿಇಯ 2025ರ ಕರಡಿನಲ್ಲಿದೆ. ಕೋರ್ಸು ಕುಗ್ಗಿದಾಗ ಕಾಲೇಜುಗಳಿಗೆ ಎಲ್ಲಕ್ಕಿಂತ ಸುಲಭವಾಗಿ ಕತ್ತರಿಸಬಹುದಾದದ್ದು ಶಾಲೆಯ ವಾರಗಳೇ. ತತ್ವಶಾಸ್ತ್ರದ ಪತ್ರಿಕೆಗೆ ಉಪನ್ಯಾಸಕರೂ ಪರೀಕ್ಷೆಯೂ ಇವೆ. ಇಂಟರ್ನ್‌ಶಿಪ್ ಪರವಾಗಿ ಮಾತಾಡುವವರು ಯಾರೂ ಇಲ್ಲ. ಆದ್ದರಿಂದ ಒಂದು ವರ್ಷದ ಕೋರ್ಸಿನಲ್ಲೂ ಹದಿನಾರು ವಾರಗಳು ಉಳಿಯಬೇಕು, ಅವು ಶಾಲೆ ತೆರೆಯುವ ದಿನದಿಂದಲೇ ಆರಂಭವಾಗಬೇಕು, ಅಂತಿಮ ಅಂಕದಲ್ಲಿ ಅರ್ಧದಷ್ಟಾದರೂ ಮಾರ್ಗದರ್ಶಿ ಶಿಕ್ಷಕರ ಕೈಯಲ್ಲಿರಬೇಕು ಎಂದು ರಾಜ್ಯದ ವಿಶ್ವವಿದ್ಯಾಲಯಗಳು ಪಠ್ಯಕ್ರಮ ರೂಪಿಸುವಾಗಲೇ ಬರೆದಿಡುವುದು ಒಳ್ಳೆಯದು. ಮಾರ್ಗದರ್ಶಿ ಶಿಕ್ಷಕರಿಗೆ ಆ ಅವಧಿಯಲ್ಲಿ ವಾರಕ್ಕೆ ನಾಲ್ಕು ಪಿರಿಯಡ್ ವಿನಾಯಿತಿ ಕೊಡುವುದು ಇಲಾಖೆಯ ಒಂದು ಸುತ್ತೋಲೆಯಿಂದ ಆಗುವ ಕೆಲಸ. ಆ ಪಿರಿಯಡ್‌ಗಳಲ್ಲಿ ಪ್ರಶಿಕ್ಷಣಾರ್ಥಿಯೇ ಪಾಠ ಮಾಡುತ್ತಿರುತ್ತಾಳಾದ್ದರಿಂದ ಶಾಲೆಗೆ ಹೆಚ್ಚುವರಿ ಶಿಕ್ಷಕರೂ ಬೇಕಾಗುವುದಿಲ್ಲ. ಮಾರ್ಗದರ್ಶಿಯ ಕೆಲಸ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಿದರೆ ಸಾಕು.